ಹಿಂಗೋಡೆಯ ತೇವ: ಸ್ಟಾಮ್‌ಫರ್ಡ್‌ನ ಸುಣ್ಣಕಲ್ಲಿನ ಮನೆಯೊಂದರ ದುರಸ್ತಿ

ಇಂಗ್ಲೆಂಡಿನ ಲಿಂಕನ್‌ಶೈರ್‌ನ ನೈಋತ್ಯ ಮೂಲೆಯಲ್ಲಿ, ವೆಲ್ಯಾಂಡ್ ನದಿಯ ದಂಡೆಯ ಮೇಲೆ ಸ್ಟಾಮ್‌ಫರ್ಡ್ ಎಂಬ ಸಂತೆ ಪಟ್ಟಣವಿದೆ. ಲಂಡನ್ನಿನಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳೇ ಇಲ್ಲಿ 600ಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಸುಣ್ಣಕಲ್ಲಿನವು. 1967ರಲ್ಲಿ ಸಿವಿಕ್ ಅಮೆನಿಟೀಸ್ ಕಾಯ್ದೆ ಜಾರಿಗೆ ಬಂದಾಗ ಇಡೀ ದೇಶದಲ್ಲಿ ಮೊದಲು ಸಂರಕ್ಷಣಾ ಪ್ರದೇಶವೆಂದು ಘೋಷಣೆಯಾದದ್ದು ಈ ಪಟ್ಟಣ.

ಇಷ್ಟು ಮನೆಗಳು ಉಳಿದದ್ದಕ್ಕೆ ಕಾರಣ ಅಭಿಮಾನವೊಂದೇ ಅಲ್ಲ. ಲಂಡನ್–ಎಡಿನ್‌ಬರೊ ನಡುವಿನ ಗ್ರೇಟ್ ನಾರ್ತ್ ರೋಡ್ ಊರ ನಡುವೆಯೇ ಹಾದುಹೋಗುತ್ತಿದ್ದುದರಿಂದ 18ನೇ ಶತಮಾನದಲ್ಲಿ ಇಲ್ಲಿ ಹಣ ಹರಿದಾಡಿತು, ಮನೆಗಳ ಮುಂಭಾಗಕ್ಕೆ ಹೊಸ ಕಲ್ಲು ಬಂತು. ರೈಲಿನ ಕಾಲದಲ್ಲಿ ಮುಖ್ಯ ಮಾರ್ಗ ಪೀಟರ್‌ಬರೊ ಕಡೆಯಿಂದ ಸಾಗಿ ಸ್ಟಾಮ್‌ಫರ್ಡ್ ಬದಿಗೆ ಉಳಿಯಿತು. ಊರವರು ಹಂಚಿಕೊಂಡು ಬಳಸುತ್ತಿದ್ದ ಸುತ್ತಲಿನ ತೆರೆದ ಹೊಲಗಳಿಗೆ ಬೇಲಿ ಬಿದ್ದು ಅವು ಖಾಸಗಿ ನಿವೇಶನಗಳಾದದ್ದು 1870ರ ದಶಕದಲ್ಲಿ. ಊರ ಪಕ್ಕದ ಬರ್ಲಿ ಅರಮನೆಯ ಜಮೀನುದಾರ ಸೆಸಿಲ್ ಮನೆತನ ಅಲ್ಲಿಯವರೆಗೂ ಅದಕ್ಕೆ ಒಪ್ಪಿರಲಿಲ್ಲ. ಹೀಗಾಗಿ ಊರು ಹೊರಕ್ಕೆ ಬೆಳೆಯಲಿಲ್ಲ, ಒಳಗೆ ಕೆಡವಿ ಕಟ್ಟುವಷ್ಟು ಹಣವೂ ಬರಲಿಲ್ಲ. 1960ರಲ್ಲಿ ಬೈಪಾಸ್ ರಸ್ತೆ ಆಗಿ ಲಾರಿಗಳ ಕಾಟವೂ ತಪ್ಪಿತು.

ಉಳಿದ ಮನೆಗಳಿಗೆ ಇಂದು ಕೇಡು ಬಗೆಯುತ್ತಿರುವುದು ವಯಸ್ಸಲ್ಲ, ಕಳೆದ ಐವತ್ತು-ಅರವತ್ತು ವರ್ಷಗಳ ದುರಸ್ತಿ. ಆ ಕೇಡು ಹೇಗೆ ಆಗುತ್ತದೆ, ಅದನ್ನು ಯಾವ ಕ್ರಮದಲ್ಲಿ ಬಿಡಿಸಬೇಕು ಎಂಬುದನ್ನು ಒಂದು ಮನೆಯ ಮೂಲಕ ನೋಡೋಣ. ಇದು ಯಾವುದೋ ಒಂದು ಬಾಗಿಲ ಸಂಖ್ಯೆಯ ಮನೆಯಲ್ಲ. ಸೇಂಟ್ ಮೇರೀಸ್ ಸ್ಟ್ರೀಟ್, ಬಾರ್ನ್ ಹಿಲ್, ಸೇಂಟ್ ಮಾರ್ಟಿನ್ಸ್ ಬೀದಿಗಳಲ್ಲಿ ಮತ್ತೆ ಮತ್ತೆ ಸಿಗುವ ಲಕ್ಷಣಗಳನ್ನು ಸೇರಿಸಿ ಮಾಡಿಕೊಂಡ ಮಾದರಿ. ಅಳತೆಗಳು ಲೆಕ್ಕ ಹಾಕುವುದಕ್ಕೆ ಇಟ್ಟುಕೊಂಡವು.

ಮನೆ ಮತ್ತು ಅದರ ಕಲ್ಲು

ಸಾಲುಮನೆ, ಮೂರು ಅಂತಸ್ತು, ಅಗಲ 6.5 ಮೀಟರ್. ಬೀದಿಯ ಕಡೆ 18ನೇ ಶತಮಾನದ ನಡುಭಾಗದ ಸೈಜುಗಲ್ಲಿನ ಮುಂಗೋಡೆ: ನಯವಾಗಿ ಕೆತ್ತಿದ ದಿಮ್ಮಿಗಳು, 3 ಮಿ.ಮೀ. ಸಂದು, ಮೇಲೆ ಚಾಚಿದ ಕಾರ್ನಿಸ್. ಇದರ ಹಿಂದೆ ಇನ್ನೂ ಹಳೆಯ ಮನೆಯಿದೆ. ಸ್ಟಾಮ್‌ಫರ್ಡ್‌ನಲ್ಲಿ ಜಾರ್ಜಿಯನ್ (18ನೇ ಶತಮಾನದ ಶೈಲಿಯ) ಮುಖದ ಹಿಂದೆ ಮರದ ಚೌಕಟ್ಟಿನ ಹಳೆಯ ಮನೆ ಅಡಗಿರುವುದು ಸಾಮಾನ್ಯ; ನೆಲಮಾಳಿಗೆಗೆ ಇಳಿದರೆ ಕೆಲವೆಡೆ ಮಧ್ಯಯುಗದ ಕಮಾನುಗಳೇ ಕಾಣುತ್ತವೆ. ಹಿಂಗೋಡೆ 17ನೇ ಶತಮಾನದ ಕಾಡುಗಲ್ಲಿನ ಕಟ್ಟಡ, 550 ಮಿ.ಮೀ. ದಪ್ಪ: ಒಳಗೊಂದು ಹೊರಗೊಂದು ಕಲ್ಲಿನ ಪದರ, ನಡುವೆ ಚೂರುಕಲ್ಲು, ಮಣ್ಣು, ಸುಣ್ಣ ಸೇರಿಸಿ ತುಂಬಿದ ಗರ್ಭ. ಹಿಂದಿನ ಸೂರಿನ ಮೇಲೆ ಕಾಲಿವೆಸ್ಟನ್ ಕಲ್ಲುಹಲಗೆಗಳಿವೆ.

ಈ ಕಲ್ಲುಗಳೆಲ್ಲ ಲಿಂಕನ್‌ಶೈರ್ ಸುಣ್ಣಕಲ್ಲಿನ ಪದರದವು, ಸುಮಾರು 17 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಕೂತದ್ದು. ಆದರೆ ಗಣಿಯಿಂದ ಗಣಿಗೆ ಗುಣ ಬೇರೆ. ಬಾರ್ನಾಕ್ ಕಲ್ಲು ಚಿಪ್ಪುಗಳಿಂದ ತುಂಬಿದ ಒರಟು ಗಟ್ಟಿಕಲ್ಲು. ಪೀಟರ್‌ಬರೊ, ಈಲಿ ಕ್ಯಾಥೆಡ್ರಲ್‌ಗಳಿಗೆ ಹೋದದ್ದು ಅದೇ. ಒಳ್ಳೆಯ ಬಾರ್ನಾಕ್ ಕಲ್ಲು 16ನೇ ಶತಮಾನದ ಹೊತ್ತಿಗೆ ಮುಗಿಯಿತು, ಅಗೆದ ಗುಂಡಿಗಳು ಇಂದು ಹುಲ್ಲು ಮುಚ್ಚಿದ ದಿಬ್ಬ-ತಗ್ಗುಗಳ ನಿಸರ್ಗಧಾಮ. ಆದ್ದರಿಂದ 18ನೇ ಶತಮಾನದ ಮನೆಯಲ್ಲಿ ಬಾರ್ನಾಕ್ ಕಂಡರೆ ಅದು ಹಳೆಯ ಕಟ್ಟಡದಿಂದ ಬಿಚ್ಚಿ ತಂದದ್ದಿರಬಹುದು ಎಂದು ಮೊದಲು ಅನುಮಾನಿಸಬೇಕು. ಕೆಟನ್ ಕಲ್ಲಿಗೆ ಮೀನಿನ ಮೊಟ್ಟೆಯಂಥ ಸಮನಾದ ಸಣ್ಣ ಕಾಳು, ಕೆನೆಬಣ್ಣದಿಂದ ನಸುಗೆಂಪಿನವರೆಗೆ ಛಾಯೆ. ಚಾಣ ಯಾವ ದಿಕ್ಕಿಗೆ ನಡೆಸಿದರೂ ನಡೆಯುತ್ತದೆ. ಕೇಂಬ್ರಿಜ್‌ನ ಹಲವು ಕಾಲೇಜುಗಳು ಇದರವೇ. ಕ್ಲಿಪ್‌ಶಮ್ ಕಲ್ಲು ಹವೆ ತಡೆಯುವುದರಲ್ಲಿ ಗಟ್ಟಿಗ; 1930ರ ದಶಕದಲ್ಲಿ ಲಂಡನ್ನಿನ ಸಂಸತ್ ಭವನದ ಕೊಳೆತ ಕಲ್ಲುಗಳ ಜಾಗಕ್ಕೆ ಅದನ್ನು ತಂದರು. ಹಿಂಗೋಡೆಯ ಕಾಡುಗಲ್ಲಿಗೆ ಮಾತ್ರ ಇಂಥ ಹೆಸರಿಲ್ಲ: ಊರ ಅಂಚಿನಲ್ಲೇ ಅಗೆದದ್ದು, ಒಂದು ಕಲ್ಲು ಗಟ್ಟಿ, ಪಕ್ಕದ್ದು ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ಮೆತು. ಗಾರೆಯ ಆಯ್ಕೆ ನಿಲ್ಲುವುದು ಆ ಮೆತ್ತಗಿನ ಕಲ್ಲಿನ ಮೇಲೆ.

ಕಂಡ ತೊಂದರೆ

ನೆಲಮಹಡಿಯ ಹಿಂದಿನ ಕೋಣೆಯಲ್ಲಿ ನೆಲದಿಂದ ಸುಮಾರು 1.1 ಮೀಟರ್ ಎತ್ತರದವರೆಗೆ ಬಣ್ಣ ಗುಳ್ಳೆಯೆದ್ದಿದೆ. ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪು ಅರಳಿದೆ. ಗೋಡೆಬುಡದ ಮರದ ಪಟ್ಟಿ ಬೆರಳಿಟ್ಟರೆ ಒಳಸರಿಯುತ್ತದೆ. ಮೊದಲ ಮಹಡಿಯ ಮೂಲೆಯಲ್ಲಿ, ಮಳೆನೀರಿನ ಪೈಪಿನ ಸಾಲಿಗೆ, ಕಪ್ಪು ಕಲೆ. ಹೊರಗೆ ನೋಡಿದರೆ ಕಲ್ಲಿನ ಮುಖ 15–20 ಮಿ.ಮೀ. ಸವೆದು ಹಿಂದೆ ಸರಿದಿದೆ, ಬೂದುಬಣ್ಣದ ಸಿಮೆಂಟ್ ಸಂದುಗಳು ಮಾತ್ರ ಜೇನುಗೂಡಿನ ಗೋಡೆಗಳಂತೆ ಮುಂದಕ್ಕೆ ನಿಂತಿವೆ. ಕೆಳಗಿನ ಅಂಗಳದಲ್ಲಿ ಕಾಂಕ್ರೀಟ್ ಹಾಸು, ಅದರ ಮೇಲೆ ಇನ್ನೊಂದು ಹಾಸು. ಹೊರನೆಲ ಒಳನೆಲಕ್ಕಿಂತ 300 ಮಿ.ಮೀ. ಎತ್ತರಕ್ಕೆ ಬಂದಿದೆ.

ಇಂಥ ಗೋಡೆಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ನೆಲದಿಂದ ತೇವ ಏರುತ್ತಿದೆ, ಬುಡದಲ್ಲಿ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬಿ, ಒಳಗೆ ಜಲನಿರೋಧಕ ಸಿಮೆಂಟ್ ಬಳಿಯಿರಿ. ಕಾಡುಗಲ್ಲಿನ ಗೋಡೆಗೆ ಇದು ಹೊಂದುವುದಿಲ್ಲ. ಇಟ್ಟಿಗೆ ಗೋಡೆಯಲ್ಲಿ ಗಾರೆಯ ವರಸೆ ನೇರವಾಗಿ ಸಾಗುತ್ತದೆ, ಕೊರೆದ ತೂತಿಗೆ ಅದು ಸಿಗುತ್ತದೆ. ಇಲ್ಲಿ ಡ್ರಿಲ್ ಒಂದು ಕಡೆ ಕಲ್ಲಿಗೆ, ಇನ್ನೊಂದು ಕಡೆ ಸಂದಿಗೆ, ಮತ್ತೊಂದು ಕಡೆ ಗರ್ಭದ ಪೊಳ್ಳಿಗೆ ಹೋಗುತ್ತದೆ. ಸುರಿದ ದ್ರವ ಪೊಳ್ಳಿನಲ್ಲಿ ಇಳಿದು ಹೋಗುತ್ತದೆ, ತಡೆಪದರ ಆಗುವುದೇ ಇಲ್ಲ.

ಇನ್ನು ಆ ಸಲಹೆಗೆ ಆಧಾರವಾಗುವ ಎರಡು ಮುಳ್ಳಿನ ಮೀಟರ್. ಅದನ್ನು ಮಾಡಿದ್ದು ಮರದ ತೇವ ನೋಡಲು. ಅದು ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಗೋಡೆಯಲ್ಲಿ ಉಪ್ಪಿದ್ದರೆ ನೀರು ಕಡಿಮೆಯಿದ್ದರೂ ಮುಳ್ಳು ಮೇಲಕ್ಕೆ ಹೋಗುತ್ತದೆ. ಸರಿಯಾದ ದಾರಿ ನಿಧಾನದ್ದು. ನೆಲದಿಂದ 250, 500, 1000, 1500 ಮಿ.ಮೀ. ಎತ್ತರದಲ್ಲಿ ನಿಧಾನ ವೇಗದಲ್ಲಿ ಕೊರೆದು, ಮೇಲ್ಪದರದ ಪುಡಿ ಬೇರೆ, ಆಳದ ಪುಡಿ ಬೇರೆಯಾಗಿ ಹಿಡಿಯಬೇಕು. ತಕ್ಷಣ ಡಬ್ಬಿಗೆ ಹಾಕಿ ತೂಗಿ, ಒಲೆಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಸ್ಥಳದಲ್ಲೇ ಬೇಕಾದರೆ ಕಾರ್ಬೈಡ್ ಮೀಟರ್ (ಪುಡಿಯ ನೀರು ಕಾರ್ಬೈಡ್ ಜೊತೆ ಸೇರಿ ಹುಟ್ಟುವ ಅನಿಲದ ಒತ್ತಡದಿಂದ ತೇವ ಅಳೆಯುವ ಡಬ್ಬಿ) ಸಾಕು. ಆಳದಲ್ಲಿ ತೇವ ಬುಡದಿಂದ ಮೇಲಕ್ಕೆ ಸಮವಾಗಿ ಇಳಿಯುತ್ತಿದ್ದರೆ ಮೂಲ ನೆಲದಲ್ಲಿದೆ. ಒಂದು ಎತ್ತರದಲ್ಲಿ ಹಠಾತ್ತನೆ ಏರಿದರೆ ಆ ಮಟ್ಟದಲ್ಲಿ ಸೋರಿಕೆ ಇದೆ. ಮೇಲ್ಪದರ ಮಾತ್ರ ಒದ್ದೆಯಾಗಿ ಆಳ ಒಣಗಿದ್ದರೆ ಒಳಗಿನ ಗಾಳಿಯ ಹಬೆ ತಣ್ಣನೆಯ ಗೋಡೆಗೆ ಕೂತಿದೆ, ಅಥವಾ ಉಪ್ಪು ಗಾಳಿಯಿಂದ ನೀರೆಳೆಯುತ್ತಿದೆ. ಈ ಮನೆಯಂಥ ಗೋಡೆಗಳಲ್ಲಿ ಮೂರೂ ಒಟ್ಟಿಗೆ ಇರುತ್ತವೆ, ಆದ್ದರಿಂದಲೇ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ನೀರಿನ ಲೆಕ್ಕ

ಹಿಂದಿನ ಸೂರು ನೆಲಕ್ಕೆ ಸಮವಾಗಿ ಅಳೆದರೆ 6.5 ಮೀಟರ್‌ಗೆ 4.5 ಮೀಟರ್, ಅಂದರೆ ಸುಮಾರು 29 ಚದರ ಮೀಟರ್. ಈ ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಎಂದರೆ ವರ್ಷಕ್ಕೆ 17,000 ಲೀಟರ್‌ಗೂ ಹೆಚ್ಚು ನೀರು ಒಂದೇ ಪೈಪಿನಲ್ಲಿ ಇಳಿಯಬೇಕು. ಅದರ ಹತ್ತರಲ್ಲೊಂದು ಪಾಲು ಗೋಡೆಗೆ ಹೋದರೂ 1,700 ಲೀಟರ್. ಇಲ್ಲಿನ ಮಳೆ ಒಂದು ಋತುವಿನದ್ದಲ್ಲ, ವರ್ಷವಿಡೀ ತುಂತುರು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒದ್ದೆಯಾದ ಗೋಡೆ ಒಣಗುವಷ್ಟು ಬಿಸಿಲೂ ಇಲ್ಲ.

ಪೈಪು ಬೀಡುಕಬ್ಬಿಣದ್ದು, ಗೋಡೆಗೆ ಅಂಟಿಕೊಂಡಂತೆ ಕೂರಿಸಿದ್ದು. ಮುಂದೆ ಬಣ್ಣ ಹೊಳೆಯುತ್ತದೆ. ಹಿಂದೆ ಬ್ರಷ್ ಹೋಗದ ಕಡೆ ತುಕ್ಕು ಹಿಡಿದು ಉದ್ದಕ್ಕೆ ಬಿರುಕು ಬಿಟ್ಟಿರುತ್ತದೆ. ಕಣ್ಣಿಗೆ ಕಾಣದು, ಕೈಗನ್ನಡಿ ಹಿಡಿದು, ಮೇಲಿನಿಂದ ಒಂದು ಬಕೆಟ್ ನೀರು ಸುರಿದು ನೋಡಬೇಕು. ಮೊದಲ ಮಹಡಿಯ ಕಪ್ಪು ಕಲೆಗೆ ಉತ್ತರ ಅಲ್ಲೇ ಇದೆ. ಬುಡದ ಚರಂಡಿಬಾಯಿ ಎಲೆ ಕಟ್ಟಿ ಮುಚ್ಚಿದೆ. ಎತ್ತರಿಸಿದ ಅಂಗಳದ ಹಾಸು ಗೋಡೆಯ ಕಡೆಗೇ ವಾಲಿದೆ. ಒಳಗೆ 1970ರ ದಶಕದ ಕಾಂಕ್ರೀಟ್ ನೆಲ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ. ಮೊದಲು ಹಾಸುಗಲ್ಲಿನ ಸಂದಿನಿಂದ ಆವಿಯಾಗುತ್ತಿದ್ದ ನೆಲದ ತೇವ ಈಗ ಪಕ್ಕಕ್ಕೆ ಸರಿದು ಗೋಡೆ ಸೇರುತ್ತದೆ.

ಇಷ್ಟೆಲ್ಲ ನೀರು ಬಂದರೂ ಹಳೆಯ ಗೋಡೆ ತಡೆದುಕೊಳ್ಳುತ್ತಿತ್ತು. ಸುಣ್ಣದ ಗಾರೆಯ ಸಂದು ಕಲ್ಲಿಗಿಂತ ಹೆಚ್ಚು ಸೂಕ್ಷ್ಮರಂಧ್ರಗಳದ್ದು. ಗೋಡೆಯ ನೀರು ಸಂದಿನ ಮೂಲಕ ಹೊರಗೆ ಆವಿಯಾಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಸವೆಯುವುದು ಸಂದು. ನೂರು ವರ್ಷಕ್ಕೊಮ್ಮೆ ಸಂದು ತುಂಬಿದರೆ ಆಯಿತು. ಸಿಮೆಂಟ್ ಸಂದು ಬಂದ ಮೇಲೆ ಆ ಬಾಗಿಲು ಮುಚ್ಚಿತು. ನೀರು ಈಗ ಕಲ್ಲಿನ ಮುಖದಿಂದ ಹೊರಡಬೇಕು, ಉಪ್ಪು ಕಲ್ಲಿನ ಚರ್ಮದ ಕೆಳಗೇ ಹರಳುಗಟ್ಟುತ್ತದೆ, ಹಿಮ ಬಿದ್ದಾಗ ಆ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಚಕ್ಕೆ ಉದುರುತ್ತದೆ. ಸಿಮೆಂಟ್ ಗಟ್ಟಿಯಾಗಿ ಕುಗ್ಗುವಾಗ ಅಂಚಿನಲ್ಲಿ ಕೂದಲೆಳೆಯ ಬಿರುಕು ಬೇರೆ ಬಿಡುತ್ತದೆ. ಮಳೆ ಅದರಲ್ಲಿ ಒಳಗೆ ಇಳಿಯುತ್ತದೆ, ಹೊರಬರಲಾರದು. ಕಲ್ಲು ಸವೆದು ಸಂದು ನಿಂತಿರುವ ಗೋಡೆ ಕಂಡರೆ ಪ್ರಯೋಗಾಲಯ ಬೇಕಿಲ್ಲ.

ಅನುಮತಿ

1990ರ ಲಿಸ್ಟೆಡ್ (ಸಂರಕ್ಷಿತ ಪಟ್ಟಿಗೆ ಸೇರಿದ) ಕಟ್ಟಡಗಳ ಕಾಯ್ದೆಯ ಪ್ರಕಾರ ಅಂಥ ಮನೆಯ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಗೆ, ಒಳಗಿರಲಿ ಹೊರಗಿರಲಿ, ಮುಂಚೆಯೇ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಅರ್ಜಿಗೆ ಶುಲ್ಕವಿಲ್ಲ, ತೀರ್ಮಾನಕ್ಕೆ ಎಂಟು ವಾರದ ಗಡುವು. ಇದ್ದುದನ್ನು ಇದ್ದಂತೆಯೇ ದುರಸ್ತಿ ಮಾಡಿದರೆ ಅನುಮತಿ ಬೇಕಿಲ್ಲ, ಆದರೆ ಇಡೀ ಗೋಡೆಯ ಸಿಮೆಂಟ್ ತೆಗೆದು ಸುಣ್ಣ ತುಂಬುವುದು ಆ ಗೆರೆಯ ಯಾವ ಕಡೆಗೆ ಬರುತ್ತದೆ ಎಂದು ಸಂರಕ್ಷಣಾಧಿಕಾರಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಅಗೆತ ಪಕ್ಕದ ಮನೆಯಿಂದ 3 ಮೀಟರ್ ಒಳಗೆ ಬಂದು ಅವರ ತಳಪಾಯಕ್ಕಿಂತ ಆಳಕ್ಕಿಳಿಯುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕು. ಬೀದಿಯ ಮೇಲೆ ಸಾರವೆ ನಿಲ್ಲಿಸಲು ಕೌಂಟಿ ಕೌನ್ಸಿಲ್ಲಿನ ಪರವಾನಗಿ ಬೇರೆ. ಮತ್ತೆ ತೆರಿಗೆ: ಲಿಸ್ಟೆಡ್ ಮನೆಯ ಅನುಮೋದಿತ ಬದಲಾವಣೆಗಳಿಗಿದ್ದ ವ್ಯಾಟ್ ವಿನಾಯಿತಿ 2012ರ ಅಕ್ಟೋಬರ್ 1ರಿಂದ ಹೋಯಿತು, ದುರಸ್ತಿಗೆ ಅದು ಮೊದಲೂ ಇರಲಿಲ್ಲ. ಅಂದಾಜಿಗೆ 20% ಸೇರಿಸಿಯೇ ಹಣ ಹೊಂದಿಸಬೇಕು.

ಮೊದಲು ನೀರು, ಆಮೇಲೆ ಗೋಡೆ

ಸಾರವೆ ನಿಂತ ಕೂಡಲೇ ಸಂದು ಕೆದಕಲು ಕೈ ಹಾಕುವುದು ದೊಡ್ಡ ತಪ್ಪು. ಮೊದಲು ಸೂರು, ಸೂರಂಚಿನ ಮಳೆನೀರಿನ ದೋಣಿ, ಪೈಪು, ಚರಂಡಿ, ಅಂಗಳದ ಮಟ್ಟ. ಹೊಸ ಪೈಪೂ ಬೀಡಿನದ್ದೇ ಇರಲಿ, ಆದರೆ ಗೋಡೆಯಿಂದ ಕನಿಷ್ಠ 30 ಮಿ.ಮೀ. ದೂರ ನಿಲ್ಲುವಂತೆ ನಡುವೆ ಬಿಲ್ಲೆ ಕೊಟ್ಟು ಕೂರಿಸಬೇಕು. ಹಿಂಬದಿಗೂ ಬಣ್ಣ ಬಳಿಯಲು ಕೈ ಹೋಗುತ್ತದೆ, ಸೋರಿದರೂ ನೀರು ನೆಲಕ್ಕೆ ಬೀಳುತ್ತದೆ.

ಅಂಗಳ ತಗ್ಗಿಸುವುದಕ್ಕೆ ಮುಂಚೆ ಕೈಯಲ್ಲಿ ಒಂದು ಪರೀಕ್ಷಾ ಗುಂಡಿ ತೋಡಿ ತಳಪಾಯ ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಬೇಕು. 17ನೇ ಶತಮಾನದ ಹಿಂಗೋಡೆಗೆ ತಳಪಾಯವೆಂದು ಇರುವುದು ಒಮ್ಮೊಮ್ಮೆ ಎರಡು ವರಸೆ ದೊಡ್ಡ ಕಲ್ಲು ಮಾತ್ರ. ಗುರಿ: ಹೊರನೆಲ ಒಳನೆಲಕ್ಕಿಂತ 150 ಮಿ.ಮೀ. ತಗ್ಗು, ತಳಪಾಯದ ಬುಡಕ್ಕಿಂತ ಎಂದಿಗೂ ಕೆಳಗಲ್ಲ. ಕಾಂಕ್ರೀಟ್ ತೆಗೆದ ಜಾಗದಲ್ಲಿ ಗೋಡೆಯುದ್ದಕ್ಕೂ 300 ಮಿ.ಮೀ. ಅಗಲದ ಪಟ್ಟಿಗೆ 20–40 ಮಿ.ಮೀ. ಗಾತ್ರದ ತೊಳೆದ ಜಲ್ಲಿ, ಕೆಳಗೆ ಇಳಿಜಾರಿನ ತೂತುಪೈಪು. ಆ ಪೈಪು ಎಲ್ಲಿಗಾದರೂ ಹೋಗಿ ಸೇರಲೇಬೇಕು. ಹೊರದಾರಿಯಿಲ್ಲದ ಜಲ್ಲಿಗುಂಡಿ ಗೋಡೆಬುಡದಲ್ಲಿ ಕಟ್ಟಿದ ಕೊಳವಾಗುತ್ತದೆ.

ಸ್ಟಾಮ್‌ಫರ್ಡ್‌ನಲ್ಲಿ ಅಗೆತಕ್ಕೆ ಇನ್ನೊಂದು ಎಚ್ಚರ ಬೇಕು. ನಾರ್ಮನ್ನರಿಗಿಂತ ಮೊದಲೇ ಮೆರುಗುಲೇಪದ ಮಡಿಕೆ ಸುಟ್ಟ ಊರಿದು. ಸ್ಟಾಮ್‌ಫರ್ಡ್ ವೇರ್ ಎಂದೇ ಅದಕ್ಕೆ ಹೆಸರು. ಹಿತ್ತಿಲಲ್ಲಿ ಅರ್ಧ ಮೀಟರ್ ಇಳಿದರೂ ಆ ಕಾಲದ ಚೂರು ಸಿಗಬಹುದು, ಆದ್ದರಿಂದ ಪುರಾತತ್ವಜ್ಞರ ಸಮ್ಮುಖದಲ್ಲೇ ಅಗೆಯಬೇಕೆಂಬ ಷರತ್ತು ಬಂದರೆ ಅದು ನ್ಯಾಯವಾದದ್ದೇ. ಯಂತ್ರ ತರಿಸದೆ ಗುದ್ದಲಿಯಲ್ಲೇ ಅಗೆದರೆ ಗೋಡೆಗೂ ಒಳ್ಳೆಯದು.

ಸಂದು ತೆಗೆಯುವುದು, ತುಂಬುವುದು

ಹಿಂಗೋಡೆ 6.5 ಮೀಟರ್ ಅಗಲ, 7 ಮೀಟರ್ ಎತ್ತರ. ಕಿಟಕಿ ಬಾಗಿಲು ಕಳೆದು 39 ಚದರ ಮೀಟರ್. ಕಾಡುಗಲ್ಲಿನಲ್ಲಿ ಮುಖದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಂದು ಎಂದು ಹಿಡಿಯಬಹುದು. 22% ಎಂದುಕೊಂಡು 30 ಮಿ.ಮೀ. ಆಳಕ್ಕೆ ತುಂಬಿದರೆ 0.26 ಘನ ಮೀಟರ್ ಗಾರೆ, ಪೊಳ್ಳು ತುಂಬಲು ಮತ್ತು ಚೆಲ್ಲಿಹೋಗಲು ಕಾಲು ಭಾಗ ಸೇರಿಸಿ 0.32. ಸುಣ್ಣ ಮರಳಿನ ಕಾಳುಗಳ ನಡುವಿನ ಜಾಗವನ್ನು ತುಂಬುವುದರಿಂದ ಮರಳಿನ ಗಾತ್ರವೂ ಸುಮಾರು ಅಷ್ಟೇ ಬೇಕು: ಅರ್ಧ ಟನ್. ಸುಣ್ಣ 1 ಪಾಲಿಗೆ ಮರಳು 2.5 ಪಾಲಿನಂತೆ, ಸುಣ್ಣ 25 ಕಿಲೋದ ಮೂರು ಚೀಲ. ಸಾಮಾನಿನ ಖರ್ಚು ಎಷ್ಟು ಕಡಿಮೆ ಎಂದು ಇದರಿಂದಲೇ ತಿಳಿಯುತ್ತದೆ. ಹಣ ಹೋಗುವುದು ಕೈಕೆಲಸಕ್ಕೆ ಮತ್ತು ಸಾರವೆಗೆ. ಹಾಗಿರುವಾಗ ಸುಣ್ಣದಲ್ಲಿ ಉಳಿತಾಯ ಹುಡುಕುವುದರಲ್ಲಿ ಅರ್ಥವಿಲ್ಲ.

ಯಾವ ಸುಣ್ಣ? ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣ ಎನ್‌ಎಚ್‌ಎಲ್ 2, 3.5, 5 ಎಂಬ ಮೂರು ದರ್ಜೆಗಳಲ್ಲಿ ಸಿಗುತ್ತದೆ. ಈ ಅಂಕಿ 28 ದಿನದ ಕನಿಷ್ಠ ಬಲ, 3.5 ಎಂದು ಬರೆದ ಚೀಲದ ಬಲ 10ರವರೆಗೂ ಇರಬಹುದು, ಅದೂ 28 ದಿನಕ್ಕೆ ನಿಲ್ಲದೆ ಒಂದೆರಡು ವರ್ಷ ಏರುತ್ತಲೇ ಇರುತ್ತದೆ. ಆದ್ದರಿಂದ 5ನೇ ದರ್ಜೆಯನ್ನು ಈ ಮೆತ್ತಗಿನ ಕಲ್ಲಿಗೆ ಮುಟ್ಟಿಸಬಾರದು, 3.5 ಕೂಡ ಬೇಡ. ನಮ್ಮ ಒಲವು ಬಿಸಿಗಾರೆಗೆ: ಸುಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಒಟ್ಟಿಗೆ ಸೇರಿಸಿ ನೀರು ಕೊಟ್ಟು ಅಲ್ಲೇ ಅರಳಿಸುವುದು. ಅರಳುವಾಗ ಸುಣ್ಣ ಸುಮಾರು ಎರಡು ಪಟ್ಟು ಉಬ್ಬುವುದರಿಂದ ಕೊನೆಗೆ ಸಿಗುವುದು ಸುಣ್ಣ ಸಮೃದ್ಧವಾದ ಗಾರೆ. ಹಳೆಯ ಗೋಡೆಯಲ್ಲಿ ಇರುವುದೂ ಅದೇ, ಬಿಡಿಸಿ ನೋಡಿದರೆ ಅರಳದೆ ಉಳಿದ ಬಿಳಿ ಸುಣ್ಣದ ಗಂಟುಗಳು ಕಾಣುತ್ತವೆ. ಮಿಶ್ರಣ ಕುದಿಯುವಷ್ಟು ಕಾಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಮುಖಕ್ಕೆ ಕನ್ನಡಕ, ಕೈಗೆ ಗವಸು, ಪಕ್ಕದಲ್ಲಿ ಕಣ್ಣು ತೊಳೆಯುವ ಶುದ್ಧ ನೀರು ಇಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಕಲಿತ ಕೈ ಸಿಗದಿದ್ದರೆ ಎನ್‌ಎಚ್‌ಎಲ್ 2 ಸಾಕು, ಮೇಲಿನ ಚೀಲದ ಲೆಕ್ಕ ಅದಕ್ಕೇ. ಸುಣ್ಣದ ಹೆಸರಿನಲ್ಲಿ ಒಂದು ಕರಣೆ ಸಿಮೆಂಟ್ ಸೇರಿಸುವ ಅಭ್ಯಾಸ ಎರಡರ ಗುಣವನ್ನೂ ಕೆಡಿಸುತ್ತದೆ.

ಮರಳು ಒರಟಾಗಿರಬೇಕು, ಕಾಳು ಚೂಪಾಗಿರಬೇಕು, ದೂಳಿನಿಂದ 4 ಮಿ.ಮೀ.ವರೆಗೆ ಎಲ್ಲ ಗಾತ್ರವೂ ಇರಬೇಕು. ಒಂದೇ ಗಾತ್ರದ ನಯವಾದ ಮರಳು ಹಾಕಿದರೆ ಗಾರೆ ಕುಗ್ಗಿ ಬಿರಿಯುತ್ತದೆ. ಬಣ್ಣ ಬರುವುದೂ ಮರಳಿನಿಂದಲೇ. ಸ್ಥಳೀಯ ಕೆಂಪು-ಹಳದಿ ಮರಳಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿದರೆ ಹಳೆಯ ಸಂದಿನ ಜೇನುಬಣ್ಣ ಹತ್ತಿರವಾಗುತ್ತದೆ. ಒಂದು ಚದರ ಮೀಟರ್ ಮಾದರಿ ಮಾಡಿ, ಒಣಗಿದ ಮೇಲೆ ಒಪ್ಪಿಗೆ ಪಡೆಯಬೇಕು. ಹಸಿಯಾಗಿದ್ದಾಗಿನ ಬಣ್ಣ ನಂಬುವಂತಿಲ್ಲ.

ಸಿಮೆಂಟ್ ತೆಗೆಯುವುದು ಉಳಿ-ಸುತ್ತಿಗೆಯಿಂದ. ಸಂದಿನ ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಬರಬೇಕು. ಅಂಚಿನಲ್ಲಿ ಏಟು ಕೊಟ್ಟರೆ ಸಿಮೆಂಟಿನ ಜೊತೆ ಕಲ್ಲಿನ ತುಟಿಯೂ ಬರುತ್ತದೆ. ತಿರುಗುವ ಗ್ರೈಂಡರ್ ಕಾಡುಗಲ್ಲಿಗೆ ಬೇಡವೇ ಬೇಡ: ಸಂದು ಅಂಕುಡೊಂಕು, ಬ್ಲೇಡ್ ನೇರ. ಒಂದು ಗಂಟೆಯಲ್ಲಿ ಅದು ಮಾಡುವ ಗೀರುಗಳು ಮನೆ ಇರುವವರೆಗೂ ಕಾಣುತ್ತವೆ. ಎಲ್ಲಿ ಸಿಮೆಂಟ್ ಕಲ್ಲನ್ನು ಬಿಡುವುದೇ ಇಲ್ಲವೋ ಅಲ್ಲಿ ಬಿಟ್ಟುಬಿಡುವುದು ಲೇಸು, ಕೆಲವು ಚಳಿಗಾಲ ಕಳೆದರೆ ಅದೇ ಸಡಿಲವಾಗುತ್ತದೆ. ಆಳ ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಒಮ್ಮೆಗೆ ಎರಡು ಮೂರು ಚದರ ಮೀಟರ್ ಮಾತ್ರ ತೆರೆದು ಬಿಗಿಯಾಗಿ ತುಂಬಿದ ಮೇಲೆ ಮುಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಗರ್ಭ ಸಡಿಲವಿರುವ ಕಡೆ ಹೊರಪದರ ಉಬ್ಬಬಹುದು.

ತೆರೆದ ಸಂದನ್ನು ಗುಡಿಸಿ, ಹಿಂದಿನ ದಿನವೊಮ್ಮೆ, ತುಂಬುವ ಮುಂಚೆ ಇನ್ನೊಮ್ಮೆ ನೀರು ಚಿಮುಕಿಸಬೇಕು. ಒಣಕಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಗಾರೆ ಕಚ್ಚದೆ ಪುಡಿಯಾಗುತ್ತದೆ. ಗಾರೆ ಗಟ್ಟಿಯಾಗಿರಲಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ಸಂದಿನ ಅಗಲಕ್ಕೆ ಹೊಂದುವ ಕಿರಿದಾದ ಕಬ್ಬಿಣದ ಪಟ್ಟಿಯಿಂದ ಹಿಂದಿನವರೆಗೂ ಒತ್ತಬೇಕು. ದೊಡ್ಡ ಸಂದಿಗೆ ಅದೇ ಕಲ್ಲಿನ ಚಕ್ಕೆ ಹೊಡೆದು ಗಾರೆ ಕಡಿಮೆ ಮಾಡಬೇಕು. 40 ಮಿ.ಮೀ.ಗಿಂತ ಆಳವಿದ್ದರೆ ಎರಡು ಸಲಕ್ಕೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದ, ಉಗುರು ಒತ್ತಿದರೆ ಬೀಳುವ ಹದಕ್ಕೆ ಬಂದಾಗ ಬಿರುಸು ಬ್ರಷ್‌ನಿಂದ ನೇರವಾಗಿ ಕುಟ್ಟಬೇಕು, ಉಜ್ಜಬಾರದು. ಕುಟ್ಟಿದರೆ ಕುಗ್ಗಿದ ಬಿರುಕು ಮುಚ್ಚುತ್ತದೆ, ಮೇಲಿನ ಸುಣ್ಣದ ಕೆನೆ ಹೋಗಿ ಮರಳಿನ ಕಾಳು ತೆರೆದುಕೊಳ್ಳುತ್ತದೆ, ಆವಿಯಾಗಲು ಮೈ ಸಿಗುತ್ತದೆ. ಕಲ್ಲಿನ ಅಂಚು ಸವೆದು ದುಂಡಾಗಿದ್ದಲ್ಲಿ ಗಾರೆಯನ್ನು ಒಳಕ್ಕೆ ನಿಲ್ಲಿಸಬೇಕು. ಮುಖದವರೆಗೆ ತಂದರೆ ಸಂದು ಅಗಲವಾಗಿ ಕಲ್ಲಿಗಿಂತ ಗಾರೆಯೇ ಹೆಚ್ಚು ಕಾಣುತ್ತದೆ.

ಇನ್ನು ಕ್ಯೂರಿಂಗ್, ಬಹಳ ಕೆಲಸಗಳು ಹಾಳಾಗುವುದು ಇಲ್ಲಿ. ಒದ್ದೆ ಗೋಣಿತಟ್ಟು ಇಳಿಬಿಟ್ಟು ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕನಿಷ್ಠ ಒಂದು ವಾರ, ಬಿಸಿಗಾರೆಗೆ ಎರಡು ವಾರ, ಒಣಗದಂತೆ ನೋಡಿಕೊಳ್ಳಬೇಕು. ಗಾಳಿ ಬಿಸಿಲಿಗಿಂತ ಕೆಟ್ಟದು. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸುಣ್ಣ ಗಟ್ಟಿಯಾಗುವುದೇ ನಿಂತುಹೋಗುತ್ತದೆ, ಹಸಿಗಾರೆಗೆ ಹಿಮ ಬಡಿದರೆ ಪದರ ಪದರವಾಗಿ ಉದುರುತ್ತದೆ. ಆದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಕೆಲಸ, ಸೆಪ್ಟೆಂಬರ್ ಕಾಯುವುದಕ್ಕೆ. ಗುತ್ತಿಗೆದಾರರು ನವೆಂಬರಿನಲ್ಲಿ ಬರುತ್ತೇವೆಂದರೆ ಮುಂದಿನ ವರ್ಷಕ್ಕೆ ಹಾಕುವುದೇ ಸರಿ.

ಮುಂಗೋಡೆ

ಇಲ್ಲಿ ಮಾಡಬೇಕಾದದ್ದು ಕಡಿಮೆ, ಮಾಡದಿರುವುದು ಹೆಚ್ಚು. 3 ಮಿ.ಮೀ. ಸಂದು ಗಟ್ಟಿಯಾಗಿದ್ದರೆ ಮುಟ್ಟಬೇಡಿ. ತೆರೆದಿರುವ ಕಡೆ ಮಾತ್ರ ಹಳೆಯ ಗರಗಸದ ಅಲಗಿನಿಂದ ಕೆದಕಿ, ಸಂದಿನ ಮೇಲೆ ಟೇಪ್ ಅಂಟಿಸಿ ನಡುವೆ ಸೀಳಿ, ಹದವಾಗಿ ಮಾಗಿದ ಸುಣ್ಣದ ಮುದ್ದೆಗೆ ಜರಡಿ ಹಿಡಿದ ಕಲ್ಲುಪುಡಿ ಸಮಪಾಲು ಸೇರಿಸಿ ತೆಳು ಪಟ್ಟಿಯಿಂದ ಒತ್ತಬೇಕು. ಟೇಪ್ ಕಿತ್ತರೆ ಕಲ್ಲಿನ ಮುಖಕ್ಕೆ ಕಲೆ ಇರದು. ಕಾರ್ನಿಸ್ ಕೆಳಗೆ ಮಳೆ ತೊಳೆಯದ ಕಡೆ ಕಪ್ಪು ಹೊರಪದರ ಕೂತಿರುತ್ತದೆ: ಕಲ್ಲಿದ್ದಲಿನ ಹೊಗೆಯ ಗಂಧಕ ಸುಣ್ಣಕಲ್ಲಿನೊಡನೆ ಸೇರಿ ಜಿಪ್ಸಂ ಆಗಿ ಮಸಿ ಹಿಡಿದುಕೊಂಡದ್ದು. ಅದು ಗುಳ್ಳೆಯೆದ್ದು ಹಿಂದೆ ಪುಡಿಯಾಗುತ್ತಿದ್ದರೆ ಮಾತ್ರ ಹಬೆಯಿಂದ ಅಥವಾ ಲೇಪಪಟ್ಟಿಯಿಂದ ಸಡಿಲಿಸಬೇಕು. ಮರಳು ಸಿಡಿಸಿ ಸ್ವಚ್ಛ ಮಾಡಿದ ಕೆಟನ್ ಕಲ್ಲಿನ ಉಳಿಗುರುತು ಮತ್ತೆ ಬರುವುದಿಲ್ಲ.

ಕಾರ್ನಿಸ್‌ನ ಮೇಲ್ಮೈಗೆ ಸೀಸದ ಹಾಳೆ ಇಲ್ಲದಿದ್ದರೆ ಹಾಕಿಸುವುದು ಲಾಭದ ಕೆಲಸ, ಇದಕ್ಕೆ ಅನುಮತಿ ಬೇಕಾಗಬಹುದು. ಒಂದೊಂದು ತುಂಡು ಒಂದೂವರೆ ಮೀಟರ್ ಮೀರದಿರಲಿ, ಉದ್ದವಾದರೆ ಬಿಸಿಲು-ಚಳಿಗೆ ಹಿಗ್ಗಿ ಕುಗ್ಗಿ ಸೀಳುತ್ತದೆ. ಕೆಟ್ಟ ಕಲ್ಲು ಬದಲಿಸುವುದಾದರೆ 100 ಮಿ.ಮೀ. ಒಳಗೆ ಕಡಿದು, ಅದೇ ಜಾತಿಯ ಹೊಸ ತುಂಡನ್ನು ಗಣಿಯಲ್ಲಿ ಮಲಗಿದ್ದ ಹಾಗೆಯೇ ಪದರ ಅಡ್ಡವಾಗಿ ಬರುವಂತೆ ಕೂರಿಸಬೇಕು. ಪದರವನ್ನು ಬೀದಿಗೆ ಮುಖಮಾಡಿ ನಿಲ್ಲಿಸಿದ ಕಲ್ಲು ಪುಸ್ತಕದ ಹಾಳೆಗಳಾಗಿ ಬಿಚ್ಚಿಕೊಳ್ಳುತ್ತದೆ. ಚಾಚಿದ ಕಾರ್ನಿಸ್ ಕಲ್ಲಿಗೆ ಮಾತ್ರ ಪದರ ಲಂಬವಾಗಿ, ಅಕ್ಕಪಕ್ಕದ ಸಂದಿನ ಕಡೆಗೆ ಇರಬೇಕು.

ಕಾಲಿವೆಸ್ಟನ್ ಸೂರು

ಸ್ಟಾಮ್‌ಫರ್ಡ್‌ನಿಂದ ನೈಋತ್ಯಕ್ಕೆ ಐದಾರು ಕಿಲೋಮೀಟರ್ ದೂರದ ಕಾಲಿವೆಸ್ಟನ್ ಹಳ್ಳಿಯದು ಈ ಹಲಗೆ. ಸ್ಲೇಟ್ ಎಂದು ಕರೆದರೂ ಇದೂ ಸುಣ್ಣಕಲ್ಲೇ, ಲಿಂಕನ್‌ಶೈರ್ ಪದರದ ತಳದ್ದು. ಸುರಂಗದಿಂದ ಚಳಿಗಾಲದಲ್ಲಿ ಹೊರತೆಗೆದ ದಿಮ್ಮಿಗಳನ್ನು ಬಯಲಿನಲ್ಲಿ ಹರವಿ, ರಾತ್ರಿಯ ಹಿಮ ಬೀಳುವವರೆಗೂ ನೀರು ಹಾಕುತ್ತ ಒದ್ದೆ ಇಡುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ ದಿಮ್ಮಿಯನ್ನು ಪದರಗಳಾಗಿ ಬಿಡಿಸುತ್ತಿತ್ತು. ಆಮೇಲೆ ಸುತ್ತಿಗೆಯ ಕೆಲಸ. ಹಿಮ ಬರುವ ಮೊದಲೇ ಒಣಗಿದ ದಿಮ್ಮಿ ಮತ್ತೆಂದೂ ಸೀಳುವುದಿಲ್ಲ. 20ನೇ ಶತಮಾನದ ನಡುವಿನ ಹೊತ್ತಿಗೆ ಚಳಿಗಾಲಗಳು ಹಗುರಾಗಿ, ಅಗ್ಗದ ಹಂಚು ಬಂದು ಈ ಕಸುಬು ಬಹುತೇಕ ನಿಂತಿತು. ಒಂದು ಸೂರು ಸರಿಮಾಡಲು ಇನ್ನೊಂದು ಹಳೆಯ ಸೂರು ಬಿಚ್ಚುವ ಸ್ಥಿತಿ ಬಂತು. 2010ರ ದಶಕದಲ್ಲಿ ದಿಮ್ಮಿಯನ್ನು ಶೀತಲ ಕೋಣೆಯಲ್ಲಿಟ್ಟು ಹಿಮದ ಕೆಲಸವನ್ನು ಯಂತ್ರದಿಂದ ಮಾಡಿಸುವ ವಿಧಾನ ಕೈಗೂಡಿತು. ಹತ್ತಿರದ ಅಪೆಥಾರ್ಪ್ ಅರಮನೆಯ ಸೂರಿಗೆ ಅಂಥ ಹೊಸ ಹಲಗೆ ಏರಿದವು. ಒಂದು ಊರಿನ ಚಾವಣಿಗೆ ಬೇಕಾದ ಕಲ್ಲು ಮತ್ತೆ ಅದೇ ನೆಲದಿಂದ ಬರುವುದು ನಿಜಕ್ಕೂ ಸಂತೋಷದ ಸಂಗತಿ.

ಹಲಗೆಗಳ ಉದ್ದ ಒಂದೇ ಸಮ ಇರುವುದಿಲ್ಲ. ದೊಡ್ಡವು ಸೂರಿನ ಅಂಚಿಗೆ, ಮೇಲೇರಿದಂತೆ ಚಿಕ್ಕವು. ಬಿಚ್ಚುವಾಗ ಉದ್ದದ ಪ್ರಕಾರ ಗುಂಪು ಮಾಡಿ ಜೋಡಿಸಿಡದಿದ್ದರೆ ಮತ್ತೆ ಹೊದಿಸುವಾಗ ವರಸೆ ಕೂಡುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಕಣಕಣ ಎನ್ನುವ ಹಲಗೆ ಇಟ್ಟುಕೊಳ್ಳಬಹುದು, ಮಂಕು ಸದ್ದಿನದು ಒಳಗೇ ಬಿರಿದಿದೆ. ಹಲವು ಸಲ ಕಲ್ಲು ಗಟ್ಟಿಯಾಗಿಯೇ ಇರುತ್ತದೆ, ಕೈಕೊಟ್ಟಿರುವುದು ಮೊಳೆ ಮತ್ತು ರೀಪು. ಆದ್ದರಿಂದ ಜಾರಿದ ನಾಲ್ಕು ಹಲಗೆ ಕಂಡು ಇಡೀ ಸೂರು ಹೊಸದು ಮಾಡುವ ಮುಂಚೆ ಅಟ್ಟದಿಂದ ಹತ್ತಿ ಪಕಾಸು, ರೀಪುಗಳನ್ನು ನೋಡಬೇಕು.

ಈ ಸೂರುಗಳು ಬಾವಲಿಗಳಿಗೆ ಪ್ರಿಯ. 1981ರ ವನ್ಯಜೀವಿ ಕಾಯ್ದೆಯಡಿ ಬಾವಲಿಗೂ ಅದರ ತಾಣಕ್ಕೂ ರಕ್ಷಣೆಯಿದೆ. ಸಮೀಕ್ಷೆ ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ ಆಗಬೇಕು, ಇದ್ದರೆ ಸರ್ಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ನ ಪರವಾನಗಿ ಬೇಕು. ಇದನ್ನು ಮರೆತರೆ ಸಾರವೆ ಒಂದು ಇಡೀ ವರ್ಷ ಸುಮ್ಮನೆ ನಿಂತಿರುತ್ತದೆ, ಬಾಡಿಗೆ ಓಡುತ್ತಿರುತ್ತದೆ.

ಒಳಗೆ

ಜಲನಿರೋಧಕ ಲೇಪ, ಜಿಪ್ಸಂ ಪ್ಲಾಸ್ಟರ್, ಪ್ಲಾಸ್ಟಿಕ್ ಬಣ್ಣ ಮೂರನ್ನೂ ತೆಗೆದು ಗೋಡೆಯನ್ನು ಬರಿಮೈ ಬಿಡಬೇಕು. ಜಂತೆಯ ತುದಿಗಳು ಗೋಡೆಯೊಳಗೆ ಹೋಗುವ ಕಡೆ ಮುಳ್ಳಿನ ಮೀಟರ್ ಚುಚ್ಚಬಹುದು, ಇಲ್ಲಿ ಅದು ಸರಿಯಾದ ಉಪಕರಣ. 20%ಕ್ಕಿಂತ ಮೇಲಿದ್ದರೆ ಕೊಳೆತ ಶುರುವಾಗಬಹುದು. ತುದಿ ಮೆತ್ತಗಾಗಿದ್ದರೆ ಇಡೀ ಜಂತೆ ಕಿತ್ತೆಸೆಯದೆ, ಕೊಳೆತಷ್ಟು ಕೊಯ್ದು ಒಣಗಿದ ಓಕ್ ತುಂಡು ಜೋಡಿಸಿ ಬೋಲ್ಟ್ ಬಿಗಿದರೆ ಸಾಕು.

ಆಮೇಲೆ ಕಾಯುವುದು. ಗೋಡೆ 25 ಮಿ.ಮೀ.ಗೆ ಒಂದು ತಿಂಗಳಂತೆ ಒಣಗುತ್ತದೆ ಎಂಬುದು ಕಸುಬಿನವರ ಹಳೆಯ ಅಂದಾಜು. 550 ಮಿ.ಮೀ. ಗೋಡೆ ಎರಡೂ ಕಡೆಯಿಂದ ಒಣಗಿದರೂ ವರ್ಷ ಹಿಡಿಯುತ್ತದೆ. ಈ ಅವಧಿಯಲ್ಲಿ ಉಪ್ಪು ಮತ್ತಷ್ಟು ಅರಳುತ್ತದೆ, ಮನೆಯವರು ಕೆಲಸ ಕೆಟ್ಟಿತೆಂದು ಹೆದರುತ್ತಾರೆ. ಒಣಬ್ರಷ್‌ನಿಂದ ಗುಡಿಸಿ ಹೊರಗೆ ಹಾಕಬೇಕು, ನೀರಿನಿಂದ ತೊಳೆದರೆ ಉಪ್ಪು ಮರಳಿ ಒಳಗೇ ಹೋಗುತ್ತದೆ. ಗೋಡೆ ಒಣಗುವ ಮುನ್ನವೇ ಒಳಗಿನಿಂದ ಶಾಖನಿರೋಧಕ ಹಲಗೆ ಬಡಿಯುವ ಯೋಚನೆಯನ್ನು ಬದಿಗಿಡಬೇಕು. ಒದ್ದೆ ಗೋಡೆಯಿಂದ ಶಾಖ ಬೇಗ ಸೋರುವುದರಿಂದ ಒಣಗಿಸುವುದೇ ಮೊದಲ ಉಳಿತಾಯ.

ಪ್ಲಾಸ್ಟರ್ ಮೂರು ಪದರದ ಸುಣ್ಣದ ಗಾರೆ: ಮೇಕೆಕೂದಲು ಬೆರೆಸಿದ 10 ಮಿ.ಮೀ., ಅದರ ಮೇಲೆ 8, ಕೊನೆಗೆ 3. ಪ್ರತಿ ಪದರ ಉಗುರಿಗೆ ಬಗ್ಗದಷ್ಟು ಗಟ್ಟಿಯಾದ ಮೇಲೆ ಮುಂದಿನದು. ಬಣ್ಣ ಬೇಕಿದ್ದರೆ ಸುಣ್ಣದ ನೀರನ್ನೇ ತೆಳ್ಳಗೆ ನಾಲ್ಕೈದು ಸಲ. ಉಪ್ಪು ಜಾಸ್ತಿಯಿರುವ ಕೆಳಗಿನ ಒಂದು ಮೀಟರ್‌ನಲ್ಲಿ ಮೊದಲ ಪ್ಲಾಸ್ಟರ್ ಉಪ್ಪು ಹೀರಿ ಕೆಲವು ವರ್ಷಕ್ಕೆ ಹಾಳಾಗಬಹುದು, ಅದು ಬಲಿಯಾಗಲೆಂದೇ ಹಾಕಿದ್ದು. ಆ ಭಾಗವನ್ನಷ್ಟೇ ತೆಗೆದು ಮತ್ತೆ ಹಾಕಬೇಕು. ಕಾಂಕ್ರೀಟ್ ನೆಲವನ್ನು ಈ ಹಂತದಲ್ಲಿ ಒಡೆಯುವ ಅಗತ್ಯವಿಲ್ಲ. ಹೊರಗಿನ ಮಟ್ಟ ತಗ್ಗಿಸಿದ್ದೇ ಸಾಕಾಗುತ್ತದೋ ನೋಡಿ ತೀರ್ಮಾನಿಸಬಹುದು.

ನೋಡುವ ಬಗೆ ಹೀಗೆ: ಗೋಡೆಯಲ್ಲಿ ನೆಲದಿಂದ 300 ಮತ್ತು 900 ಮಿ.ಮೀ. ಎತ್ತರದಲ್ಲಿ 100, 250, 400 ಮಿ.ಮೀ. ಆಳದ ತೂತು ಕೊರೆದು ಮರದ ಗೂಟ ಸೇರಿಸಿ ಬಾಯಿ ಮುಚ್ಚಿಡುವುದು. ತಿಂಗಳಿಗೊಮ್ಮೆ ಗೂಟ ಹೊರತೆಗೆದು ಮೀಟರ್‌ನಿಂದ ಓದಿ, ಮಳೆಯ ದಿನಗಳ ಜೊತೆ ಬರೆದಿಡಬೇಕು. ಎರಡನೆಯ ಚಳಿಗಾಲ ಕಳೆದ ಮೇಲೆ ಎಲ್ಲ ಆಳದಲ್ಲೂ ಅಂಕಿ ಇಳಿಯುತ್ತಿದ್ದರೆ ಕಾಂಕ್ರೀಟ್ ನೆಲ ಹಾಗೆಯೇ ಇರಲಿ. ಕೆಳಗಿನ ಸಾಲು ಮಾತ್ರ ಇಳಿಯದಿದ್ದರೆ ನೆಲದ ಕೆಳಗಿನ ಚರಂಡಿಗೆ ಕ್ಯಾಮೆರಾ ಇಳಿಸಿ ಒಡಕು ಹುಡುಕಬೇಕು. ಅಲ್ಲೂ ಏನೂ ಸಿಗದಿದ್ದರೆ ಆಗ ಕಾಂಕ್ರೀಟ್ ತೆಗೆದು ಸುಣ್ಣದ ಕಾಂಕ್ರೀಟಿನ ಮೇಲೆ ಹಾಸುಗಲ್ಲು ಹಾಕಲು ಹೊಸ ಅರ್ಜಿ ಕೊಡಬೇಕು.